ಕಾಣದ ಕಟ್ಟಡಕ್ಕೊಬ್ಬ ಮೇಸ್ತ್ರಿ

ಅಂದು ರಾತ್ರಿ ಆ ಕೋಣೆಯಲ್ಲಿ ಇದ್ದವರು ಮೂವರೇ. ಒಬ್ಬರ ಕೈಕೆಳಗೆ 10 ಜನ, ಎಲ್ಲರೂ ನುರಿತವರು. ಇನ್ನೊಬ್ಬರ ಕೈಕೆಳಗೆ 150 ಜನ. ಇಬ್ಬರ ವಾದವನ್ನೂ ಕೇಳಿ ತೀರ್ಮಾನ ಹೇಳಬೇಕಾದವರು ಮೂರನೆಯವರು. ಚರ್ಚೆಯ ವಿಷಯ ಇಷ್ಟು: ಕಟ್ಟಲಿರುವ ಒಂದು ಭಾರಿ ತಂತ್ರಾಂಶ ಬಳಸುವವರಿಗೆ ಹೇಗೆ ಕಾಣಬೇಕು, ಯಾವ ಆಜ್ಞೆ ಕೊಟ್ಟರೆ ಏನು ಮಾಡಬೇಕು ಎಂಬುದನ್ನೆಲ್ಲ ಮೊದಲು ವಿವರವಾಗಿ ಬರೆದಿಡಬೇಕು. ಆ ಕೆಲಸವನ್ನು ಯಾರಿಗೆ ಒಪ್ಪಿಸುವುದು?

10 ಜನರ ಮುಖ್ಯಸ್ಥರು ತಮಗೇ ಕೊಡಿ ಎಂದರು. ಅಚ್ಚುಕಟ್ಟಾಗಿ ಮಾಡುತ್ತೇವೆ, ಆದರೆ 10 ತಿಂಗಳು ಬೇಕು ಎಂದರು. ವೇಳಾಪಟ್ಟಿಯಲ್ಲಿ ಇದ್ದದ್ದು ಅದಕ್ಕಿಂತ 3 ತಿಂಗಳು ಕಡಿಮೆ. 150 ಜನರ ಮುಖ್ಯಸ್ಥರು ತಾವು ವೇಳೆಗೆ ಸರಿಯಾಗಿ ಮುಗಿಸುವುದಾಗಿ ಹೇಳಿದರು. ಅಲ್ಲದೆ ಆ 10 ಜನ ಬರೆಯುತ್ತ ಕೂತರೆ ತಮ್ಮ 150 ಜನ 10 ತಿಂಗಳು ಕೈಕಟ್ಟಿ ಕೂರಬೇಕಾಗುತ್ತದೆ ಎಂದರು. ಅದಕ್ಕೆ ಮೊದಲನೆಯವರ ಉತ್ತರ ಖಡಾಖಂಡಿತವಾಗಿತ್ತು: ಅವರಿಗೆ ಕೊಟ್ಟರೂ ಮುಗಿಯುವುದು 3 ತಿಂಗಳು ತಡವಾಗಿಯೇ, ಮೇಲಾಗಿ ಕೆಲಸ ಕಳಪೆಯಾಗುತ್ತದೆ.

ಸಂಬಳ ತೆಗೆದುಕೊಳ್ಳುವ 150 ಜನರನ್ನು ಸುಮ್ಮನೆ ಕೂರಿಸುವ ಧೈರ್ಯ ಯಾರಿಗಿದೆ? ಮೂರನೆಯವರು 150 ಜನರ ಕಡೆಗೇ ವಾಲಿದರು. ಕೆಲಸ 3 ತಿಂಗಳು ತಡವಾಯಿತು. ಕಳಪೆಯೂ ಆಯಿತು. ಒಂದಕ್ಕೊಂದು ಹೊಂದದ ಆ ವಿವರಗಳ ದೆಸೆಯಿಂದ, ಮುಂದೆ ತಪ್ಪು ಹುಡುಕಿ ತಿದ್ದುವುದಕ್ಕೇ ಒಂದು ವರ್ಷ ಹೆಚ್ಚಿಗೆ ಹಿಡಿಯಿತೆಂದು ಅವರೇ ಆಮೇಲೆ ಅಂದಾಜು ಮಾಡಿದರು.

ಇದು 1960ರ ದಶಕದ ಮಧ್ಯದಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ನಡೆದದ್ದು. ಆ ಮೂರನೆಯವರು ಫ್ರೆಡರಿಕ್ ಬ್ರೂಕ್ಸ್. ವಯಸ್ಸು ಮೂವತ್ತರ ಆಚೆಗೆ ಸ್ವಲ್ಪ. ಹಾರ್ವರ್ಡ್‌ನಲ್ಲಿ ಹೊವರ್ಡ್ ಐಕನ್ ಅವರ ಕೈಯಲ್ಲಿ ಪಿಎಚ್.ಡಿ. ಮಾಡಿ 1956ರಲ್ಲಿ ಐಬಿಎಂ ಸೇರಿದ್ದ ಬುದ್ಧಿವಂತ. ಅವರು ಮಾಡುತ್ತಿದ್ದ ಕೆಲಸಕ್ಕೆ ಇಂದು ಬೆಂಗಳೂರಿನಲ್ಲಿ ಮನೆಮನೆಗೂ ಪರಿಚಯವಾದ ಒಂದು ಹೆಸರಿದೆ: ಪ್ರಾಜೆಕ್ಟ್ ಮ್ಯಾನೇಜರ್.

ಹೆಸರು ಪರಿಚಿತ, ಕೆಲಸ ಮಾತ್ರ ಅಪರಿಚಿತ. ಮಗ ಪ್ರಾಜೆಕ್ಟ್ ಮ್ಯಾನೇಜರ್ ಎಂದು ಹೆಣ್ಣಿನ ಕಡೆಯವರಿಗೆ ಹೆಮ್ಮೆಯಿಂದ ಹೇಳುವ ತಂದೆಗೆ, ಅವನು ದಿನವಿಡೀ ಏನು ಮಾಡುತ್ತಾನೆ ಎಂದು ಮರುಪ್ರಶ್ನೆ ಬಂದರೆ ಉತ್ತರ ತೋಚುವುದಿಲ್ಲ. ಪ್ರೋಗ್ರಾಂ ಬರೆಯುವವನು ಅವನಲ್ಲ. ಬರೆದದ್ದನ್ನು ಪರೀಕ್ಷಿಸುವವನೂ ಅಲ್ಲ. ಗಿರಾಕಿಯ ಬಳಿ ಹೋಗಿ ಸರಕು ಮಾರಿ ಬರುವವನು ಬೇರೆಯೇ ಇದ್ದಾನೆ. ಇವನದು ಬರೀ ಫೋನು, ಮೀಟಿಂಗು, ಪಟ್ಟಿ, ತಾರೀಖು. ತಂಡದ ಹುಡುಗ ಹುಡುಗಿಯರು ಇವನನ್ನು ಕಂಡರೆ ಕಾಫಿ ಕೌಂಟರಿನಲ್ಲಿ ಮಾತು ನಿಲ್ಲಿಸುತ್ತಾರೆ. ಹಾಗಾದರೆ ಈ ಹುದ್ದೆ ಯಾಕಿದೆ? ಬ್ರೂಕ್ಸ್ ಅವರ ಕಥೆಯೊಳಗೆ ಇದಕ್ಕೆ ಉತ್ತರವಿದೆ, ಕೊಂಚ ಕಹಿಯಾದ ಉತ್ತರ.

500 ಕೋಟಿ ಡಾಲರಿನ ಪಣ

1964ರ ಏಪ್ರಿಲ್ 7ರಂದು ಐಬಿಎಂ 'ಸಿಸ್ಟಂ/360' ಎಂಬ ಕಂಪ್ಯೂಟರ್ ಕುಟುಂಬವನ್ನು ಪ್ರಕಟಿಸಿತು. ಅಲ್ಲಿಯವರೆಗೆ ಒಂದೊಂದು ಕಂಪ್ಯೂಟರಿಗೂ ಅದರದರದೇ ಭಾಷೆ. ಸಣ್ಣ ಯಂತ್ರ ಸಾಲದೆಂದು ದೊಡ್ಡದನ್ನು ಕೊಂಡವರು ಹಳೆಯ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಬರೆಸಬೇಕಿತ್ತು. ಹೊಸ ಮನೆಗೆ ಹೋದಾಗ ಹಳೆಯ ಪಾತ್ರೆಯೊಂದೂ ಹೊಸ ಒಲೆಗೆ ಕೂರದಿದ್ದರೆ ಹೇಗೋ ಹಾಗೆ. ಸಿಸ್ಟಂ/360ರಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಮಾದರಿಗಳಿಗೂ ಒಂದೇ ಭಾಷೆ. 360 ಎಂದರೆ ವೃತ್ತದ ಪೂರ್ತಿ ಡಿಗ್ರಿ, ಎಲ್ಲ ದಿಕ್ಕಿನ ಕೆಲಸಕ್ಕೂ ಸಲ್ಲುವುದು ಎಂಬ ಅರ್ಥ. ಒಟ್ಟು ಯೋಜನೆಯ ಖರ್ಚು 500 ಕೋಟಿ ಡಾಲರ್ ಎಂದು 'ಫಾರ್ಚೂನ್' ಪತ್ರಿಕೆ 1966ರಲ್ಲಿ ಬರೆದು, ಅದನ್ನು ಜೂಜಿಗೆ ಹೋಲಿಸಿತು.

ಬ್ರೂಕ್ಸ್ ಮೊದಲು ಯಂತ್ರದ ಭಾಗಕ್ಕೆ ಮ್ಯಾನೇಜರ್. ಅಲ್ಲಿ ಅವರು ಗೆದ್ದರು. ಅಕ್ಷರವೊಂದಕ್ಕೆ 6 ಬಿಟ್ ಸಾಕೆಂಬ ವಾದ ಆಗ ಬಲವಾಗಿತ್ತು. ಅದರಲ್ಲಿ 64 ಚಿಹ್ನೆಗಳು ಮಾತ್ರ ಹಿಡಿಸುತ್ತವೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಒಂದಷ್ಟು ಗುರುತು, ಅಲ್ಲಿಗೆ ಮುಗಿಯಿತು. ಬ್ರೂಕ್ಸ್ 8 ಬಿಟ್ ಇರಲಿ ಎಂದು ತೀರ್ಮಾನಿಸಿದರು. ಆ 8 ಬಿಟ್ಟಿನ ಬೈಟ್ ಲೋಕವೆಲ್ಲ ಹಬ್ಬಿತು. ಭಾರತೀಯ ಲಿಪಿಗಳಿಗಾಗಿ ರೂಪಿಸಿ 1991ರಲ್ಲಿ ಮಾನಕವೆಂದು ಅಂಗೀಕರಿಸಿದ 'ಇಸ್ಕಿ' ಸಂಕೇತದಲ್ಲಿ ಕನ್ನಡದ ಅಕ್ಷರಗಳಿಗೂ ಜಾಗ ಸಿಕ್ಕಿದ್ದು ಆ ಹೆಚ್ಚಿನ ಬಿಟ್ಟುಗಳಲ್ಲೇ. ಇದು ಮಾತಿನ ನಡುವೆ ಬಂದ ಮಾತು, ಇರಲಿ.

ಯಂತ್ರ ಗೆದ್ದ ಮೇಲೆ ತಂತ್ರಾಂಶದ ಹೊಣೆ ಅವರ ಹೆಗಲಿಗೆ ಬಂತು. ಈ ಎಲ್ಲ ಯಂತ್ರಗಳನ್ನು ನಡೆಸಬೇಕಾದ ಆಪರೇಟಿಂಗ್ ಸಿಸ್ಟಂ, ಹೆಸರು ಓಎಸ್/360. ಅಲ್ಲಿ ಗಾಡಿ ಕೆಸರಿಗೆ ಇಳಿಯಿತು. ತುರ್ತು ಹೆಚ್ಚಿದಂತೆ ಜನರನ್ನು ತುಂಬಿದರು. ಒಂದು ಹಂತದಲ್ಲಿ ಸಾವಿರಕ್ಕೂ ಮಿಕ್ಕಿ ಮಂದಿ ಅದರ ಮೇಲೆ ದುಡಿಯುತ್ತಿದ್ದರು. 1963ರಿಂದ 1966ರವರೆಗೆ ಸುಮಾರು 5000 ಮಾನವ-ವರ್ಷಗಳ ದುಡಿಮೆ ಹೋಯಿತು. ಆದರೂ ತಂತ್ರಾಂಶ ತಡವಾಗಿಯೇ ಬಂತು, ಅಂದುಕೊಂಡದ್ದಕ್ಕಿಂತ ಹೆಚ್ಚು ಮೆಮೊರಿ ನುಂಗಿತು, ಮೊದಮೊದಲ ಆವೃತ್ತಿಗಳು ತೆವಳಿದವು. ಖರ್ಚು ಎಷ್ಟೆಂದು ಕಂಪನಿಯ ಅಧ್ಯಕ್ಷ ಥಾಮಸ್ ವಾಟ್ಸನ್ ಅವರಿಗೇ ತಿಳಿಯದಾಯಿತು. ಆ ವರ್ಷದ ತಂತ್ರಾಂಶದ ಖರ್ಚು 4 ಕೋಟಿ ಡಾಲರ್ ಎಂದು ಅಂದುಕೊಂಡಿದ್ದೆ, ಒಬ್ಬ ಅಧಿಕಾರಿ 5 ಎಂದ, ಮರುದಿನ ಇನ್ನೊಬ್ಬ 6 ಎಂದ ಎಂದು 1966ರಲ್ಲಿ ಅವರು ಗಿರಾಕಿಗಳೆದುರೇ ನಗೆಯಾಡಿದ್ದುಂಟು. ಓಎಸ್/360 ಒಂದಕ್ಕೇ ತಗುಲಿದ ಒಟ್ಟು ಖರ್ಚು ಸುಮಾರು 50 ಕೋಟಿ ಡಾಲರ್.

ಬ್ರೂಕ್ಸ್ ಕಂಪನಿ ಬಿಟ್ಟು ತಮ್ಮ ಹುಟ್ಟುನಾಡಾದ ನಾರ್ತ್ ಕರೊಲಿನಾದ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೊರಟಾಗ ವಾಟ್ಸನ್ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಯಂತ್ರ ಕಟ್ಟಿಸುವುದನ್ನು ನಿಭಾಯಿಸಬಹುದು, ಪ್ರೋಗ್ರಾಂ ಬರೆಸುವುದನ್ನು ನಿಭಾಯಿಸುವುದು ಯಾಕಿಷ್ಟು ಕಷ್ಟ? ಬ್ರೂಕ್ಸ್ ಉತ್ತರ ಕೊಡಲು ಹತ್ತು ವರ್ಷ ತೆಗೆದುಕೊಂಡರು. 1975ರಲ್ಲಿ ಬಂದ 'ದಿ ಮಿಥಿಕಲ್ ಮ್ಯಾನ್-ಮಂಥ್' ಎಂಬ ತೆಳ್ಳನೆಯ ಪುಸ್ತಕವೇ ಆ ಉತ್ತರ.

ಇಟ್ಟಿಗೆ ಎಣಿಸಲಾಗದ ಮನೆ

ಮನೆ ಕಟ್ಟಿಸಿದವರಿಗೆ ಮೇಸ್ತ್ರಿಯ ಮಹಿಮೆ ಗೊತ್ತು. ಪಾಯ ಮುಗಿಯಿತೇ, ಗೋಡೆ ಕಿಟಕಿಯ ಮಟ್ಟಕ್ಕೆ ಬಂತೇ, ಲಿಂಟಲ್ ಹಾಕಿದರೇ, ತಾರಸಿಗೆ ಕಂಬಿ ಕಟ್ಟಿದರೇ, ಎಲ್ಲ ಕಣ್ಣಿಗೆ ಕಾಣುತ್ತದೆ. ಸಂಜೆ ಆಫೀಸಿನಿಂದ ಬರುವಾಗ ಮನೆಯ ಯಜಮಾನ ಸ್ಕೂಟರ್ ನಿಲ್ಲಿಸಿ ಎರಡು ನಿಮಿಷ ನೋಡಿದರೆ ಸಾಕು, ಮೇಸ್ತ್ರಿ ಇವತ್ತು ಎಷ್ಟು ಜನರನ್ನು ಕರೆತಂದಿದ್ದ, ಎಷ್ಟು ಕೆಲಸ ಮಾಡಿಸಿದ ಎಂದು ಲೆಕ್ಕ ಸಿಗುತ್ತದೆ. ಯುಗಾದಿಗೆ ಗೃಹಪ್ರವೇಶ ಎಂದು ಮೇಸ್ತ್ರಿ ಬಾಯಲ್ಲಿ ಹೇಳಬಹುದು. ಶಿವರಾತ್ರಿಗೆ ಇನ್ನೂ ತಾರಸಿ ಬಿದ್ದಿಲ್ಲವಾದರೆ ಅವನ ಮಾತನ್ನು ಯಾರೂ ನಂಬುವುದಿಲ್ಲ.

ತಂತ್ರಾಂಶಕ್ಕೆ ಈ ಭಾಗ್ಯವಿಲ್ಲ. ಅದು ಹೊರಗಿನವರ ಕಣ್ಣಿಗೆ ಕಾಣುವ ವಸ್ತುವಲ್ಲ. ಎಷ್ಟು ಸಾಲು ಬರೆದರು ಎಂಬುದು ಲೆಕ್ಕಕ್ಕೆ ಬಾರದು. ಜಾಣನೊಬ್ಬ ಇಡೀ ದಿನ ಕೂತು 200 ಸಾಲು ಅಳಿಸಿ ಹಾಕಿದ್ದೇ ಅಂದಿನ ಅತ್ಯುತ್ತಮ ಕೆಲಸವಾಗಿರಬಹುದು. ಪ್ರೋಗ್ರಾಂ ಬರೆಯುತ್ತಿರುವವನನ್ನು ಎಷ್ಟಾಯಿತಪ್ಪಾ ಎಂದು ಕೇಳಿದರೆ ಶೇಕಡಾ 90 ಆಯಿತು ಎನ್ನುತ್ತಾನೆ. ಮುಂದಿನ ವಾರ ಕೇಳಿದರೂ 90. ಅದರ ಮುಂದಿನ ವಾರವೂ ಅಷ್ಟೇ. ಸುಳ್ಳು ಹೇಳುತ್ತಿದ್ದಾನೆ ಎಂದೇನೂ ಅಲ್ಲ; ಉಳಿದ ಶೇಕಡಾ 10ರೊಳಗೆ ಏನು ಅಡಗಿದೆ ಎಂದು ಅವನಿಗೇ ತಿಳಿದಿರುವುದಿಲ್ಲ.

ಆದ್ದರಿಂದಲೇ ಇಲ್ಲಿ ಮೇಸ್ತ್ರಿಯ ಕೆಲಸ ಬೇರೆ. ಕಾಣದ ಕಟ್ಟಡ ಎಷ್ಟು ಎದ್ದಿದೆ ಎಂದು ಕಂಡುಹಿಡಿಯುವುದು, ಕಂಡದ್ದನ್ನು ಯಜಮಾನನಿಗೆ ಹೇಳುವುದು. ಬ್ರೂಕ್ಸ್ ಒಂದು ಉಪಾಯ ಹೇಳಿದರು: ಮೈಲಿಗಲ್ಲು ನೆಡಬೇಕು, ಅದು ಕತ್ತಿಯ ಅಲಗಿನಷ್ಟು ಸ್ಪಷ್ಟವಾಗಿರಬೇಕು. 'ವಿನ್ಯಾಸ ಬಹುಮಟ್ಟಿಗೆ ಮುಗಿದಿದೆ' ಎಂಬುದು ಮೈಲಿಗಲ್ಲಲ್ಲ. 'ವಿನ್ಯಾಸದ ಪುಸ್ತಕಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ' ಎಂಬುದು ಮೈಲಿಗಲ್ಲು. ಸಹಿ ಇದೆ ಇಲ್ಲವೇ ಇಲ್ಲ. ತೊಂಬತ್ತಕ್ಕೆ ಅಲ್ಲಿ ಜಾಗವಿಲ್ಲ.

ವರ್ಷಗಟ್ಟಲೆ ತಡವಾಗುವ ಕೆಲಸ ಯಾವುದೋ ಭೂಕಂಪದಿಂದ ತಡವಾಗುವುದಿಲ್ಲ ಎಂಬುದೂ ಅವರ ಅನುಭವ. ಇವತ್ತು ಒಬ್ಬನಿಗೆ ಜ್ವರ. ನಾಳೆ ಯಂತ್ರ ಕೆಟ್ಟಿತು. ನಾಡಿದ್ದು ಮೀಟಿಂಗು. ಹೀಗೆ ಒಂದೊಂದೇ ದಿನ ಜಾರುತ್ತದೆ. ಒಂದು ದಿನ ತಾನೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆ ಒಂದು ದಿನದ ಜಾರುವಿಕೆಗೆ ಹಣೆ ಗಂಟಿಕ್ಕುವವನು ಬೇಕು. ಜನರಿಗೆ ಅಪ್ರಿಯನಾಗುವ ಕೆಲಸ ಅದು.

ರಾಗಿ ಕೊಯ್ಲಲ್ಲ, ಒಬ್ಬಟ್ಟು

ತಡವಾಯಿತು ಎಂದು ತಿಳಿದೊಡನೆ ಯಾವ ಯಜಮಾನನಿಗೂ ಮೊದಲು ಹೊಳೆಯುವುದು ಇನ್ನಷ್ಟು ಜನರನ್ನು ಹಾಕುವುದು. ಬ್ರೂಕ್ಸ್ ಅವರ ಹೆಸರು ಉಳಿದಿರುವುದೇ ಈ ವಿಷಯದಲ್ಲಿ ಅವರು ಹೇಳಿದ ಮಾತಿನಿಂದ. ತಡವಾದ ತಂತ್ರಾಂಶದ ಕೆಲಸಕ್ಕೆ ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬ ಈ ಸೂತ್ರಕ್ಕೆ 'ಬ್ರೂಕ್ಸ್ ನಿಯಮ' ಎಂದೇ ಹೆಸರಾಗಿದೆ.

ಮೊದಲ ಬಾರಿ ಕೇಳಿದವರಿಗೆ ಇದು ವಿಚಿತ್ರ ಎನಿಸುತ್ತದೆ. ಹೊಲದಲ್ಲಿ ರಾಗಿ ಕೊಯ್ಲಿಗೆ ನಿಂತಿದೆ, ಮೋಡ ಕವಿದಿದೆ. ಊರಿನ ಮುಯ್ಯಾಳುಗಳೆಲ್ಲ ಬಂದು ಕೈಹಾಕಿದರೆ 10 ದಿನದ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲವೇ? ಮುಗಿಯುತ್ತದೆ. ಯಾಕೆಂದರೆ ಒಬ್ಬ ಕೊಯ್ಯುವ ಸಾಲಿಗೂ ಪಕ್ಕದವನ ಸಾಲಿಗೂ ಸಂಬಂಧವಿಲ್ಲ. ಒಬ್ಬರನ್ನೊಬ್ಬರು ಏನೂ ಕೇಳಬೇಕಾಗಿಲ್ಲ. ಹಾಡು ಹೇಳಿಕೊಂಡು ಕೊಯ್ಯಬಹುದು. ಒಬ್ಬಟ್ಟು ಬೇಯಿಸುವುದು ಹಾಗಲ್ಲ. ಹೊತ್ತಾಯಿತೆಂದು ಒಲೆಯ ಉರಿ ಹೆಚ್ಚಿಸಿದರೆ ಮೇಲೆ ಸೀಯುತ್ತದೆ, ಒಳಗೆ ಹಸಿ. ಇನ್ನು ಮಗು ಹುಟ್ಟಲು ಬೇಕಾದ ಒಂಬತ್ತು ತಿಂಗಳನ್ನು ಒಂಬತ್ತು ಹೆಂಗಸರಿಗೆ ಹಂಚಲು ಬರುವುದಿಲ್ಲ ಎಂಬುದು ಬ್ರೂಕ್ಸ್ ಅವರೇ ಕೊಟ್ಟು ಪ್ರಸಿದ್ಧವಾದ ಹೋಲಿಕೆ.

ತಂತ್ರಾಂಶದಲ್ಲಿ ಒಬ್ಬ ಬರೆದದ್ದು ಇನ್ನೊಬ್ಬ ಬರೆದದ್ದಕ್ಕೆ ಕೂಡಿಕೊಳ್ಳಬೇಕು. ಕೂಡಬೇಕಾದರೆ ಮಾತಾಡಬೇಕು. 3 ಜನ ಇದ್ದರೆ ಮಾತಿನ ಜೋಡಿಗಳು 3. 10 ಜನ ಆದರೆ 45. 50ಕ್ಕೆ ಏರಿದರೆ 1225. ಆ ರಾತ್ರಿ ಬ್ರೂಕ್ಸ್ ಆರಿಸಿಕೊಂಡ 150 ಜನರ ನಡುವೆ ಆಗಬಹುದಾದ ಜೋಡಿಗಳನ್ನು ಲೆಕ್ಕ ಹಾಕಿದರೆ 11,175. ಜನ 15 ಪಟ್ಟು, ಮಾತು 248 ಪಟ್ಟು. ಎಲ್ಲರೂ ಎಲ್ಲರೊಡನೆ ಮಾತಾಡುವುದಿಲ್ಲ, ನಿಜ. ಆದರೆ ಯಾರು ಯಾರೊಡನೆ ಮಾತಾಡದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವುದೇ ಒಂದು ದೊಡ್ಡ ಕೆಲಸ.

ಓಎಸ್/360ರಲ್ಲಿ ಆ ತೀರ್ಮಾನ ಮಾಡಲಿಲ್ಲ. ಎಲ್ಲರಿಗೂ ಎಲ್ಲವೂ ತಿಳಿದಿರಲಿ ಎಂದು ಇಡೀ ಯೋಜನೆಯ ವಿವರಗಳ ಒಂದು ಕಡತ ಮಾಡಿ ಪ್ರೋಗ್ರಾಮರುಗಳಿಗೆಲ್ಲ ಪ್ರತಿ ಹಂಚಿದರು. ಆರು ತಿಂಗಳಲ್ಲಿ ಆ ಕಡತದ ದಪ್ಪ 5 ಅಡಿ! ದಿನವೂ ಬರುವ ತಿದ್ದುಪಡಿಯ ಹಾಳೆಗಳೇ ಸುಮಾರು 150. ಹಳೆಯದು ತೆಗೆದು ಹೊಸದನ್ನು ಸೇರಿಸುವುದರಲ್ಲೇ ಬೆಳಗಿನ ಹೊತ್ತು ಕಳೆಯುವಂತಾಗಿ, ಕೊನೆಗೆ ಮೈಕ್ರೋಫಿಶ್‌ಗೆ ಇಳಿಸಬೇಕಾಯಿತು. ಪಕ್ಕದವನ ಭಾಗದ ಒಳಗುಟ್ಟು ತಿಳಿಯದಂತೆ ಮುಚ್ಚಿಡುವುದೇ ಲೇಸು, ಬಾಗಿಲು ಎಲ್ಲಿದೆ ಎಂದು ತಿಳಿದರೆ ಸಾಕು ಎಂದು ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ವಾದಿಸಿದ್ದರು. 1975ರ ಪುಸ್ತಕದಲ್ಲಿ ಬ್ರೂಕ್ಸ್ ಅದನ್ನು ಒಪ್ಪಿರಲಿಲ್ಲ. 20 ವರ್ಷದ ಬಳಿಕ, 1995ರ ಆವೃತ್ತಿಯಲ್ಲಿ, ಪಾರ್ನಾಸ್ ಹೇಳಿದ್ದೇ ಸರಿ, ತಾವು ತಪ್ಪಿದ್ದೆವು ಎಂದು ಬರೆದರು.

ಹೊಸಬರು ಬಂದಾಗ ಇನ್ನೊಂದು ಪೆಟ್ಟು. ಅವರಿಗೆ ಕೆಲಸ ಹೇಳಿಕೊಡಬೇಕಾದವರು ಯಾರು? ತಂಡದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಲ್ಲವರು. ಅಂದರೆ ತಡವಾದ ಕೆಲಸವನ್ನು ಮುಗಿಸಬಲ್ಲವರೇ ಪಾಠ ಹೇಳಲು ಕೂರುತ್ತಾರೆ.

ಕಲ್ಲಂಗಡಿ ವರದಿ

ಇಷ್ಟೆಲ್ಲ 1975ರಿಂದ ಅಚ್ಚಿನಲ್ಲಿದೆ. ಹಾಗಿದ್ದರೂ ಕೆಲಸಗಳು ತಡವಾಗುತ್ತಲೇ ಬಂದಿವೆ. ಕಾರಣ ಹುಡುಕುತ್ತ ಹೋದರೆ ಗಣಿತ ಹಿಂದೆ ಸರಿದು ಮನುಷ್ಯ ಸ್ವಭಾವ ಎದುರಾಗುತ್ತದೆ.

ತಾರೀಖು ನಿಗದಿಯಾಗುವುದು ಹೇಗೆ? ಬಹುತೇಕ ಸಂದರ್ಭಗಳಲ್ಲಿ ಕೆಲಸದ ಅಳತೆ ನೋಡಿ ಅಲ್ಲ. ಗಿರಾಕಿಗೆ ಬೇಕಾದ ದಿನ ಒಂದಿರುತ್ತದೆ. ಮಾರಾಟದವನು ಅದಕ್ಕೆ ತಲೆಯಾಡಿಸಿ ಬಂದಿರುತ್ತಾನೆ. ಮ್ಯಾನೇಜರಿನ ಕೈಗೆ ಸಿಗುವುದು ಉತ್ತರ; ಅದಕ್ಕೆ ಲೆಕ್ಕ ಹೊಂದಿಸುವುದು ಅವನ ಪಾಲು. ಬ್ರೂಕ್ಸ್ ಅವರ ಅಂದಾಜಿನಲ್ಲಿ 12 ತಿಂಗಳ ಕೆಲಸವಿದ್ದರೆ 4 ತಿಂಗಳು ಯೋಚನೆಗೆ, ಪ್ರೋಗ್ರಾಂ ಬರೆಯಲು ಬರೀ 2 ತಿಂಗಳು, ಬಿಡಿಬಿಡಿಯಾಗಿ ಪರೀಕ್ಷಿಸಲು 3, ಒಟ್ಟುಗೂಡಿಸಿ ಪರೀಕ್ಷಿಸಲು ಮತ್ತೆ 3 ತಿಂಗಳು ಬೇಕು. ಎಂದರೆ ಅರ್ಧ ಕಾಲ ಪರೀಕ್ಷೆಗೇ. ಅವಧಿ ಕಡಿತವಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಹಾಗೆ ಬಿದ್ದದ್ದು ಕಾಣುವುದು ಕಟ್ಟಕಡೆಗೆ, ಗಿರಾಕಿ ಬಾಗಿಲಲ್ಲಿ ನಿಂತಾಗ.

ಅಲ್ಲಿಯವರೆಗೆ ಮೇಲಕ್ಕೆ ಹೋಗುವ ವರದಿಯಲ್ಲಿ ಎಲ್ಲವೂ ಹಸಿರು. ಕಂಪನಿಗಳಲ್ಲಿ ವಾರಕ್ಕೊಮ್ಮೆ ಬಣ್ಣದ ಗುರುತಿನ ವರದಿ ಕಳಿಸುವ ಪದ್ಧತಿಯಿದೆ: ಸುಗಮವಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಹೊರಗೆ ಹಸಿರು, ಕೊಯ್ದರೆ ಕೆಂಪು ಇರುವ ಕೆಲಸಗಳಿಗೆ ಈ ರಂಗದಲ್ಲಿ ಕಲ್ಲಂಗಡಿ ಎಂದೇ ಅಡ್ಡಹೆಸರು. ಕಲ್ಲಂಗಡಿ ಬೆಳೆಯುವುದು ಒಬ್ಬನ ಮೋಸದಿಂದಲ್ಲ. ಹುಡುಗ 'ಎರಡು ದಿನ ಹಿಂದಿದ್ದೇನೆ, ಶನಿವಾರ ಬಂದು ಸರಿಮಾಡುತ್ತೇನೆ' ಎಂದುಕೊಳ್ಳುತ್ತಾನೆ. ಅವನ ಮೇಲಿನವಳು 'ಅವನು ಸರಿಮಾಡುತ್ತಾನೆ' ಎಂದು ಹಳದಿಯನ್ನು ಹಸಿರು ಮಾಡುತ್ತಾಳೆ. ಅವಳ ಮೇಲಿನವರು ಹಸಿರನ್ನು ಹಾಗೇ ಕಳಿಸುತ್ತಾರೆ. ಮೂರು ಮಹಡಿ ಹತ್ತುವಷ್ಟರಲ್ಲಿ ಸತ್ಯದ ಬಣ್ಣ ಬದಲಾಗಿರುತ್ತದೆ.

ಮೇಲಿನವರ ನಡವಳಿಕೆಯೂ ಇದಕ್ಕೆ ಗೊಬ್ಬರ. ಕೆಳಗಿನ ಮ್ಯಾನೇಜರ್ ಒಂದು ತೊಂದರೆ ಹೇಳಿದೊಡನೆ ದೊಡ್ಡ ಸಾಹೇಬರು ತಾವೇ ಕೈಹಾಕಿ ಮೀಟಿಂಗ್ ಕರೆದು ಅಬ್ಬರಿಸಿದರೆ, ಅವನು ಮುಂದಿನ ಸಲ ಹೇಳುವ ಗೋಜಿಗೇ ಹೋಗುವುದಿಲ್ಲ. ವರದಿ ಕೇಳುವ ಹೊತ್ತು ಬೇರೆ, ಪರಿಹಾರ ಹುಡುಕುವ ಹೊತ್ತು ಬೇರೆ ಎಂದು ಇಟ್ಟುಕೊಳ್ಳಬೇಕು; ಕೆಳಗಿನವನು ತಾನೇ ಬಿಡಿಸಿಕೊಳ್ಳಬಲ್ಲ ಗಂಟಿಗೆ ಮೇಲಿನವನು ಕೈಹಾಕಬಾರದು ಎಂದು ಬ್ರೂಕ್ಸ್ ಒತ್ತಿ ಬರೆದಿದ್ದಾರೆ. ಅವರ ಪುಸ್ತಕದಲ್ಲಿ ಅತ್ಯಂತ ಕಡಿಮೆ ಪಾಲಿಸಲಾದ ಸಲಹೆ ಬಹುಶಃ ಇದೇ.

ಐಬಿಎಂನಲ್ಲೇ ಇದಕ್ಕೊಂದು ಮದ್ದು ಸಿಕ್ಕಿತ್ತು. ಬ್ರೂಕ್ಸ್ ಹೋದ ಮೇಲೆ ಪ್ರೋಗ್ರಾಂ ವಿಭಾಗದ ಹೊಣೆ ಹೊತ್ತ ವಾಟ್ಸ್ ಹಂಫ್ರಿ ಅವರು ಬಂದು ನೋಡಿದರೆ, ಗಿರಾಕಿಗಳಿಗೆ ಕೊಟ್ಟ ತಾರೀಖುಗಳಿಗೆಲ್ಲ ಆಧಾರವೇ ಇಲ್ಲ. ಕೆಲಸ ಮಾಡುವವರು ತಾವೇ ಕೂತು ಯೋಜನೆ ಹಾಕಿ ಸಹಿ ಮಾಡಿ ತರುವವರೆಗೆ ಯಾವ ಪ್ರೋಗ್ರಾಮನ್ನೂ ಪ್ರಕಟಿಸಕೂಡದು, ಕಳಿಸಕೂಡದು, ಅದಕ್ಕೆ ಹಣವನ್ನೂ ಕೊಡುವುದಿಲ್ಲ ಎಂದು ಆಜ್ಞೆ ಮಾಡಿದರು. ಹೊಸ ತಾರೀಖುಗಳು ಹಳೆಯವಕ್ಕಿಂತ ದೂರದವು, ಆದರೆ ನಿಜವಾದವು. ಆಮೇಲಿನ ಎರಡೂವರೆ ವರ್ಷ ಒಂದು ತಾರೀಖೂ ತಪ್ಪಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಪ್ರೋಗ್ರಾಮರುಗಳು ಅವರೇ, ಯಂತ್ರಗಳೂ ಅವೇ.

ಬೆಂಗಳೂರಿಗೆ ಬಂದ ಲೆಕ್ಕ

ಹಂಫ್ರಿ ಅವರ ಹೆಸರು ಬೆಂಗಳೂರಿಗೆ ಹೊಸದಲ್ಲ. ಐಬಿಎಂ ಬಿಟ್ಟು ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದರಲ್ಲಿ ಹಾಕಿಕೊಟ್ಟ ಬುನಾದಿಯ ಮೇಲೆ 'ಸಿಎಂಎಂ' ಎಂಬ ಐದು ಹಂತಗಳ ಅಳತೆಗೋಲು ರೂಪುಗೊಂಡಿತು. ಕೆಲಸವನ್ನು ಶಿಸ್ತಿನಿಂದ ಮಾಡುವ ಸಂಸ್ಥೆಗೆ ಮೇಲಿನ ಹಂತ. ಮೊಟೊರೊಲಾ ಕಂಪನಿಯ ಬೆಂಗಳೂರಿನ ಕೇಂದ್ರ 1990ರ ದಶಕದ ಮೊದಲರ್ಧದಲ್ಲೇ ಐದನೆಯ ಹಂತ ತಲುಪಿ, ಲೋಕದಲ್ಲೇ ಮೊದಲಿಗರ ಸಾಲಿಗೆ ಸೇರಿತು. 2000ದ ಹೊತ್ತಿಗೆ ಐದನೆಯ ಹಂತದ ಸಂಸ್ಥೆಗಳ ದೊಡ್ಡ ಪಾಲು ಭಾರತದಲ್ಲೇ ಇತ್ತು.

ಅಲ್ಲಿಗೆ ಬಂದ ದಾರಿ ಚಿಕ್ಕದಲ್ಲ. ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಕಟ್ಟಡವೊಂದರಲ್ಲಿ ಬಾಗಿಲು ತೆರೆಯಿತು. ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ಈಗಲೂ ಹೇಳುತ್ತಾರೆ. ಆದರೆ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಜಾತಿ ಇಲ್ಲಿ ಸಾವಿರಗಟ್ಟಲೆ ಬೆಳೆದದ್ದು 1990ರ ದಶಕದ ಕೊನೆಗೆ, ವೈಟೂಕೆ ಕೆಲಸ ಬಂದಾಗ. ಸಿಸ್ಟಂ/360 ಮತ್ತು ಅದರ ಸಂತತಿಯ ಯಂತ್ರಗಳ ಮೇಲೆ ಓಡುತ್ತಿದ್ದ ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಮೆಮೊರಿ ಉಳಿಸಲೆಂದು ಇಸವಿಗೆ ಎರಡೇ ಅಂಕಿ ಬರೆದಿದ್ದರು. 2000 ಬಂದರೆ ಅವು 1900 ಎಂದುಕೊಳ್ಳುವ ಭಯ. ಬ್ರೂಕ್ಸ್ ಕಾಲದ ಅಮೆರಿಕದ ಮೆಮೊರಿಯ ಕೊರತೆ ಹೀಗೆ ಬೆಂಗಳೂರಿನ ಅನ್ನವಾಯಿತು.

ಈ ಕೆಲಸಕ್ಕೆ ಎರಡು ವಿಶೇಷಗಳಿದ್ದವು. ಒಂದು, ತಾರೀಖನ್ನು ಯಾವ ಮ್ಯಾನೇಜರೂ ಮುಂದೂಡುವಂತಿರಲಿಲ್ಲ. 1999ರ ಡಿಸೆಂಬರ್ 31ರ ನಡುರಾತ್ರಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ಎರಡು, ಅದು ಬಹುಮಟ್ಟಿಗೆ ರಾಗಿ ಕೊಯ್ಲು. ಸಾವಿರಾರು ಪ್ರೋಗ್ರಾಂಗಳಲ್ಲಿ ತಾರೀಖಿನ ಜಾಗ ಹುಡುಕಿ ತಿದ್ದುವುದನ್ನು ಹಂಚಿಕೊಡಬಹುದು. 20 ಜನ ಸಾಲದಿದ್ದರೆ 40 ಜನ ಹಾಕಿದರೆ ನಡೆಯುತ್ತಿತ್ತು. ಇಲ್ಲಿನ ಕಂಪನಿಗಳು ಜನ ಹಾಕಿ ಕೆಲಸ ಮುಗಿಸುವ ಕಲೆ ಕಲಿತದ್ದು ಇಂಥ ಕೆಲಸದಲ್ಲಿ. ಗೆದ್ದವರಿಗೆ ಅದೇ ರೂಢಿಯಾದರೆ ಅಚ್ಚರಿಯೇನು? ಆಮೇಲೆ ಹೊಸ ತಂತ್ರಾಂಶ ಕಟ್ಟುವ ಕೆಲಸ ಬಂದಾಗ, ಅಂದರೆ ಒಬ್ಬಟ್ಟಿನ ಸರದಿ ಬಂದಾಗ, ಉರಿ ಹೆಚ್ಚಿಸುವ ಅಭ್ಯಾಸ ಕೈಬಿಡಲಿಲ್ಲ.

ಬಿಡದಿರಲು ಲೆಕ್ಕಾಚಾರದ ಕಾರಣವೂ ಉಂಟು. ಹೊರದೇಶದ ಕೆಲಸಕ್ಕೆ ಬಹುಕಾಲ ಬಿಲ್ ಮಾಡಿದ್ದು ತಲೆ ಲೆಕ್ಕದಲ್ಲಿ: ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಮೊತ್ತ ಮೊದಲೇ ನಿಗದಿಯಾದ ಗುತ್ತಿಗೆಗಳೂ ಇವೆ, ಅದು ಬೇರೆ. ತಲೆ ಲೆಕ್ಕದಲ್ಲಾದರೆ ತಡವಾದ ಕೆಲಸಕ್ಕೆ 10 ಜನ ಸೇರಿಸಿದಾಗ ಕೆಲಸಕ್ಕೆ ನಷ್ಟವಾಗಬಹುದು, ಬಿಲ್ಲಿಗೆ ಲಾಭ. ಕೆಲಸ ಸಿಗದೆ ಕಾದಿರುವವರನ್ನು 'ಬೆಂಚಿನ ಮೇಲಿದ್ದಾರೆ' ಎನ್ನುತ್ತಾರೆ. ಬೆಂಚು ಉದ್ದವಾದಂತೆ ಕಂಪನಿಯ ಹಣೆಯಲ್ಲಿ ಗೆರೆ. ಆ 150 ಜನ ಕೈಕಟ್ಟಿ ಕೂರಬೇಕೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸ ಹೆಸರಿನಲ್ಲಿ ಹಾಜರಾಗುತ್ತದೆ. ಇಂಥ ಕಡೆ, ಜನ ಬೇಡ, ತಾರೀಖು ಬದಲಿಸಿ ಎಂದು ಹೇಳುವ ಮ್ಯಾನೇಜರ್ ತನ್ನ ಕಂಪನಿಯ ಆದಾಯದ ವಿರುದ್ಧವೇ ಮಾತಾಡಬೇಕು.

ಹೇಳದಿದ್ದರೆ ಬೆಲೆ ತೆರುವವರು ಯಾರು? ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಗಿರಾಕಿ ಫೋನಿಗೆ ಬರುವುದೇ ಆಗ. 'ಶುಕ್ರವಾರಕ್ಕೆ ಆಗುತ್ತದಲ್ಲ?' ಎಂದು ಆ ಕಡೆಯಿಂದ ಪ್ರಶ್ನೆ ಬರುತ್ತದೆ. ಆಗುವುದಿಲ್ಲ ಎಂದು ತಂಡದ ಆರು ಜನಕ್ಕೂ ಗೊತ್ತು. ಮ್ಯಾನೇಜರ್ 'ಆಗುತ್ತದೆ' ಎನ್ನುತ್ತಾನೆ. ಫೋನಿಟ್ಟು ತಂಡದ ಕಡೆ ತಿರುಗಿ 'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುತ್ತಾನೆ. ಆ ಅಡ್ಜಸ್ಟ್ ಎಂಬುದು ಒಬ್ಬಳ ಮಗುವಿನ ಹುಟ್ಟುಹಬ್ಬ, ಇನ್ನೊಬ್ಬನ ಊರಿನ ಜಾತ್ರೆ, ಮತ್ತೊಬ್ಬನ ನಿದ್ದೆ. ಆಫೀಸಿಗೆ ಪಿಜ್ಜಾ ಬರುತ್ತದೆ, ರಾತ್ರಿ ಎರಡಕ್ಕೆ ಕ್ಯಾಬ್ ಬರುತ್ತದೆ. ನಿದ್ದೆಗೆಟ್ಟು ಬರೆದ ಪ್ರೋಗ್ರಾಮಿನಲ್ಲಿ ಹೊಸ ತಪ್ಪುಗಳು ಬರುತ್ತವೆ. ಮುಂದಿನ ಶುಕ್ರವಾರಕ್ಕೆ ಮತ್ತೆ ಅದೇ ಫೋನು.

'ಶುಕ್ರವಾರಕ್ಕೆ ಆಗುವುದಿಲ್ಲ, ಬುಧವಾರ ಆಗುತ್ತದೆ' ಎಂಬ ಒಂದು ವಾಕ್ಯವನ್ನು ಎರಡು ವಾರ ಮೊದಲೇ ಹೇಳಬಲ್ಲ ಮ್ಯಾನೇಜರುಗಳೂ ಬೆಂಗಳೂರಿನಲ್ಲಿದ್ದಾರೆ. ಅವರ ತಂಡ ಬಿಟ್ಟು ಹುಡುಗರು ಸುಲಭಕ್ಕೆ ಹೋಗುವುದಿಲ್ಲ. ಇವರು ಪ್ರೋಗ್ರಾಂ ಬರೆಯುವುದಿಲ್ಲ, ಬರೆಯುವವರ ಶನಿವಾರಗಳನ್ನು ಕಾಯುತ್ತಾರೆ.

ಮ್ಯಾನೇಜರೇ ಇಲ್ಲದಿದ್ದರೆ?

ಈ ಹುದ್ದೆಯೇ ಬೇಡ ಎಂದವರೂ ಇದ್ದಾರೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬ ಹಿಮಬೆಟ್ಟದ ವಿಹಾರತಾಣದಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿ 'ಅಜೈಲ್' ಎಂಬ ಹೊಸ ರೀತಿಯ ಘೋಷಣೆ ಹೊರಡಿಸಿದರು. ವರ್ಷದ ಯೋಜನೆ ಬದಿಗಿಟ್ಟು, ಎರಡು ಮೂರು ವಾರಕ್ಕೊಮ್ಮೆ ಓಡುವ ತುಂಡೊಂದನ್ನು ಗಿರಾಕಿಯ ಕೈಗಿಡುವುದು ಇದರ ತಿರುಳು. ಇದರ ಜನಪ್ರಿಯ ಪದ್ಧತಿಯಾದ 'ಸ್ಕ್ರಂ'ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಪಾತ್ರವೇ ಇಲ್ಲ. ಕಾಣದ ಕಟ್ಟಡವನ್ನು ಆಗಾಗ ಕಾಣುವಂತೆ ಮಾಡುವ ಈ ಉಪಾಯ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಂಗಳೂರಿನ ಎಷ್ಟೋ ಕಡೆ ಆದದ್ದು ಏನೆಂದರೆ, ಹಳೆಯ ಮ್ಯಾನೇಜರೇ ಹೊಸ ಹೆಸರಿನ ಚೀಟಿ ಕೊರಳಿಗೆ ಹಾಕಿಕೊಂಡು ಬೆಳಿಗ್ಗೆ ನಿಂತುಕೊಂಡೇ ಮೀಟಿಂಗ್ ನಡೆಸಿದ್ದು.

ಗೂಗಲ್ ಕಂಪನಿ 2002ರಲ್ಲಿ ಎಂಜಿನಿಯರುಗಳ ಮೇಲೆ ಮ್ಯಾನೇಜರುಗಳೇ ಬೇಡವೆಂದು ತೆಗೆದು ನೋಡಿತು. ಖರ್ಚಿನ ಚೀಟಿ, ಜಗಳ, ತಗಾದೆ ಎಲ್ಲವೂ ನೇರ ಸಂಸ್ಥಾಪಕ ಲ್ಯಾರಿ ಪೇಜ್ ಅವರ ಬಾಗಿಲಿಗೆ ಬರತೊಡಗಿ, ಕೆಲವೇ ತಿಂಗಳಲ್ಲಿ ಪ್ರಯೋಗ ನಿಂತಿತು.

ಹೊಣೆ ಯಾರದೂ ಅಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ 2013ರ ಅಕ್ಟೋಬರ್ 1 ಸಾಕ್ಷಿ. ಅಂದು ಅಮೆರಿಕ ಸರ್ಕಾರ ಆರೋಗ್ಯ ವಿಮೆಗಾಗಿ ತೆರೆದ 'ಹೆಲ್ತ್‌ಕೇರ್ ಡಾಟ್ ಗವ್' ತಾಣಕ್ಕೆ ಲಕ್ಷಾಂತರ ಜನ ನುಗ್ಗಿದರು. ಮೊದಲ ದಿನ ಅದರಲ್ಲಿ ವಿಮೆ ಮಾಡಿಸಲು ಸಾಧ್ಯವಾದದ್ದು 6 ಜನಕ್ಕೆ. ಹತ್ತಾರು ಗುತ್ತಿಗೆದಾರರಿದ್ದರು, ಹಣವಿತ್ತು, ತಾರೀಖಂತೂ ಇದ್ದೇ ಇತ್ತು. ಒಟ್ಟಾರೆ ಹೊಣೆ ಹೊತ್ತ ಸ್ಪಷ್ಟ ನಾಯಕತ್ವ ಇರಲಿಲ್ಲವೆಂದು ಆಮೇಲೆ ಸರ್ಕಾರದ ತನಿಖೆಯೇ ಹೇಳಿತು. ಅದನ್ನು ಸರಿಪಡಿಸಲು ಕರೆಸಿದ ಸಣ್ಣ ತಂಡದ ಮೈಕಿ ಡಿಕರ್ಸನ್ ಎಂಬ ಎಂಜಿನಿಯರ್ ದಿನವೂ ನಡೆಯುವ ಸಭೆಗೆ ಒಂದೆರಡು ನಿಯಮ ಹಾಕಿದರು. ಸಭೆ ಇರುವುದು ತೊಂದರೆ ಬಿಡಿಸಲು, ತಪ್ಪು ಹೊರಿಸಲು ಬೇರೆ ಜಾಗಗಳಿವೆ. ಮಾತಾಡಬೇಕಾದವರು ವಿಷಯ ಬಲ್ಲವರು, ಹುದ್ದೆಯಲ್ಲಿ ದೊಡ್ಡವರಲ್ಲ. ಕೆಲವು ವಾರಗಳಲ್ಲಿ ತಾಣ ನಡೆಯತೊಡಗಿತು.

ಬ್ರೂಕ್ಸ್ 1999ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು, 2022ರ ನವೆಂಬರ್ 17ರಂದು 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪುಸ್ತಕದಲ್ಲಿ ಆ ರಾತ್ರಿಯ ಸಭೆಯ ವಿವರವೆಲ್ಲ ಇದೆ. ಹತ್ತು ಜನರ ಮುಖ್ಯಸ್ಥ, ನೂರೈವತ್ತು ಜನರ ಮುಖ್ಯಸ್ಥ, ಇಬ್ಬರ ಹೆಸರನ್ನೂ ಅವರು ಅಲ್ಲಿ ಬರೆದಿಲ್ಲ. ತಪ್ಪು ತೀರ್ಮಾನ ಕೊಟ್ಟವನು 'ನಾನು' ಎಂದು ಮಾತ್ರ ಬರೆದಿದ್ದಾರೆ.